ಈಗ ಯಾವ ಮಳಿ ನಡದೈತಿ?

ಎಲ್ಲ ಕೆಟ್ಟದ್ದು ಫಾರಮ್ಮಿನ ಮೊದಲನೇ ಪ್ರಶ್ನೆಯಿಂದ: ಇಂದು ತಾರೀಖು ಎಷ್ಟು?

ಗಜೇಂದ್ರಗಡದ ಗುಲ್ಷನ ಮರೆವಿನ ಕಾಯಿಲೆಯ ಮೇಲೆ ಸಂಶೋಧನೆ ಶುರುಮಾಡಿ ಇನ್ನೂ ವರ್ಷವಾಗಿರಲಿಲ್ಲ. ಯಾವಗಲ್ಲ ಎಂಬ ಊರಿನ ಮೂವತ್ತು ಹಿರಿಯರ ನೆನಪನ್ನು ಪರೀಕ್ಷಿಸಿ ಸಂಜೆಯೊಳಗೆ ಗೈಡಿಗೆ ಕಳಿಸಬೇಕಿತ್ತು. ಇಲ್ಲದಿದ್ದರೆ ಅವಳ ಫೆಲೋಶಿಪ್ಪಿಗೆ ಕಲ್ಲು ಬಿದ್ದ ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಜನರನ್ನು ಕೇಳಿದ್ದಳು, ಇಪ್ಪತ್ತೂ ಜನ ನಪಾಸು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರೆ, ಇದ್ದದ್ದನ್ನು ಯಾಕೆ ಕಳೆಯಬೇಕೆಂದು ಹೊಳಿಯಪ್ಪಜ್ಜ ಜಗಳಕ್ಕೇ ನಿಂತ.

ಊರ ಮರ್ಯಾದೆ ಹೋಗುತ್ತದೆಂದು ನೆರೆಯವರೆಲ್ಲ ಕಿಟಕಿಗೆ ಮುತ್ತಿ ಉತ್ತರ ಹೇಳಿಕೊಡತೊಡಗಿದರು. ಆಶಾ ಕಾರ್ಯಕರ್ತೆ ಅನ್ನಪೂರ್ಣಾ ಮಾತ್ರ ಗುಲ್ಷನಳ ಪಕ್ಕದಲ್ಲೇ ನಿಂತು ಬೆರಳು ಮಡಚಿ ಉತ್ತರ ತೋರಿಸುತ್ತಿದ್ದಳು. ಅಲ್ಲಿಯವರೆಗಿನ ಅಂಕ ನೋಡಿದ ಗೈಡು ಫೋನು ಮಾಡಿ, ಇಡೀ ಊರಿಗೇ ಮರೆವು ಬಡಿದಿದೆಯೋ, ನಿನಗೆ ಪರೀಕ್ಷೆ ಮಾಡಲು ಬರುವುದಿಲ್ಲವೋ ಎಂದು ಗದರಿದರು.

ಆಮೇಲೆ ಎಂಬತ್ತರ ಜಮಾಲಬಿಯ ಸರದಿ ಬಂತು. ತಾರೀಖು ಕೇಳಿದ್ದೇ ತಡ, ಮುದುಕಿಗೆ ಸಿಟ್ಟು ಬಂತು.

“ತಾರೀಖು ಕ್ಯಾಲೆಂಡರಿನ್ಯಾಗ ಇರತೈತಿ ಬೇಟಿ, ಅದನ್ನ ತಲ್ಯಾಗ ಯಾಕ ಇಟ್ಕೊಳ್ಳಲಿ? ಈಗ ಯಾವ ಮಳಿ ನಡದೈತಿ, ಕೇಳು. ಹುಬ್ಬಿ ಮಳಿ. ಇನ್ನ ನಾಕ ದಿನಕ್ಕ ಉತ್ತರಿ ಹತ್ತತೈತಿ.”

ಮುದುಕಿ ದಿನಗಳನ್ನು ಮಳೆ ನಕ್ಷತ್ರಗಳಲ್ಲಿ ಎಣಿಸುವುದು ಕಂಡು ಗುಲ್ಷನ ಪೆನ್ನು ಕೆಳಗಿಟ್ಟಳು. ನಂತರ ಗೈಡಿಗೆ ತಾನೇ ಫೋನು ಹಚ್ಚಿದಳು. “ಸರ್, ಕೆಟ್ಟಿರೋದು ಇವರ ನೆನಪಲ್ಲ, ನಮ್ಮ ಪ್ರಶ್ನೆ.”

ಅಷ್ಟು ಧೈರ್ಯ ತನಗೆಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಪ್ರಶ್ನೆ ಬದಲಿಸಲು ಗೈಡು ಒಪ್ಪಿದರು; ಆದರೆ ಹೋಲಿಕೆಗೆಂದು ಚಿಕ್ಕ ವಯಸ್ಸಿನವರೊಬ್ಬರಿಗೂ ಅದೇ ಹೊಸ ಪ್ರಶ್ನೆಗಳನ್ನು ಕೇಳಬೇಕೆಂದರು.

ಅವಳು ಅನ್ನಪೂರ್ಣಾಳನ್ನು ಕೇಳಿ ಹತ್ತು ಹೊಸ ಪ್ರಶ್ನೆ ಬರೆದಳು. ಯಾವ ಮಳೆ, ಬಿಳಿಜೋಳ ಬಿತ್ತುವುದು ಯಾವಾಗ, ರೋಣದ ಸಂತೆಗೆ ಇನ್ನೆಷ್ಟು ದಿನ, ಎದುರುಮನೆಯ ಎಮ್ಮೆ ಈದದ್ದು ಇದು ಎಷ್ಟನೇ ಸೂಲು. ಅನ್ನಪೂರ್ಣಾ ಮನೆಮನೆಗೆ ಹೋಗಿ ಕೇಳಿ, ಉತ್ತರ ತಾಳೆ ನೋಡಿ ಅಂಕ ಹಾಕಿದಳು; ಮೂವತ್ತು ಜನರೂ ಪಾಸಾದರು. ಹೊಳಿಯಪ್ಪಜ್ಜನಿಗೆ ಹತ್ತಕ್ಕೆ ಹತ್ತು ಬಂತೆಂದು ಓಣಿಯಲ್ಲಿ ಸಕ್ಕರೆ ಹಂಚಿದರು. ಗುಲ್ಷನಳಿಗೂ ಕಣ್ಣು ತುಂಬುವಷ್ಟು ಸಂತೋಷವಾಯಿತು.

ಉಳಿದದ್ದು ಚಿಕ್ಕ ವಯಸ್ಸಿನವರದೊಂದು ಫಾರಮ್ಮು. ಊರಿನ ಹುಡುಗರೆಲ್ಲ ಹೊಲದಲ್ಲಿದ್ದರು. ಹೊತ್ತು ಮೀರುತ್ತಿದೆಯೆಂದು ಅನ್ನಪೂರ್ಣಾ ಎಲ್ಲರೆದುರು ಗುಲ್ಷನಳನ್ನೇ ಕೂರಿಸಿ ಕೇಳಿದಳು. ಹಾಸ್ಟೆಲ್ಲಿನಲ್ಲೇ ಬೆಳೆದ ಗುಲ್ಷನಳಿಗೆ ಬಂದದ್ದು ಹತ್ತಕ್ಕೆ ಒಂದು. ಫಾರಮ್ಮಿನಲ್ಲಿ ಹೆಸರಿರುವಂತಿಲ್ಲ, ಬರೀ ನಂಬರು. ಹೀಗಾಗಿ ಧೈರ್ಯವಾಗಿ ಮೂವತ್ತೊಂದನ್ನೂ ಕಳಿಸಿದಳು.

ಸಂಜೆ ಗೈಡಿನ ಫೋನು ಬಂದಾಗ ಗುಲ್ಷನ ಎಲ್ಲರಿಗೂ ಕೇಳಲೆಂದು ಸ್ಪೀಕರು ಹಾಕಿದಳು. ಹೊಸ ಪ್ರಶ್ನೆಗಳು ಬಹಳ ಚೆನ್ನಾಗಿವೆ, ಫೆಲೋಶಿಪ್ಪು ಮುಂದುವರಿಯುತ್ತದೆ ಎಂದರು. ಜನ ಚಪ್ಪಾಳೆ ತಟ್ಟಿದರು.

“ಆದ್ರ ಆ ಮೂವತ್ತೊಂದನೇ ನಂಬರು,” ಎಂದು ಗೈಡು ದನಿ ತಗ್ಗಿಸಿದರು, “ಇಷ್ಟು ಸಣ್ಣ ವಯಸ್ಸಿಗೇ ಇಂಥಾ ಮರವು ನಾ ನೋಡೇ ಇಲ್ಲ. ನಾಳೆ ಸ್ಕ್ಯಾನಿಗೆ ಕರಕೊಂಡ ಬಾ. ಒಬ್ಬರನ್ನೇ ಬಸ್ ಹತ್ತಸಬ್ಯಾಡ, ಹಾದಿ ತಪ್ತಾರ.”

ಜಮಾಲಬಿ ಎದ್ದು ಬಂದು ಗುಲ್ಷನಳ ಕೈ ಗಟ್ಟಿಯಾಗಿ ಹಿಡಿದಳು. “ಹೆದರಬ್ಯಾಡ ಬೇಟಿ, ನಾ ಬರ್ತೀನಿ ಸಂಗಾಟ.”