ಔಷಧಿ ಅಂಗಡಿಯಲ್ಲಿ ‘ಮತ್ತೆ ಬನ್ನಿ’

ಬಾಯಿಂದ ಕೆಲಸಕ್ಕೆ ಸಂಚಕಾರ ತಂದುಕೊಳ್ಳುವವರು ರಾಜಕಾರಣಿಗಳು ಮಾತ್ರ ಎಂದು ತಿಳಿದಿದ್ದೆ. ಬಾಗಿಲು ತೆಗೆದು ಹಾಕುವ ಸೆಕ್ಯೂರಿಟಿಗೂ ಆ ಭಾಗ್ಯ ಉಂಟೆಂದು ಗೊತ್ತಾದದ್ದು ಚಾಮರಾಜಪೇಟೆಗೆ ಬಂದ ಮೇಲೆ. ಓದುವ ವಯಸ್ಸಿನಲ್ಲಿ ಕುಣಿಗಲ್ಲಿನಲ್ಲಿ ಅಲೆದಾಡಿಕೊಂಡಿದ್ದು, ಮಗಳು ಶಾಲೆಗೆ ಸೇರಿದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವನು ನಾನು. ಕನ್ನಡದಲ್ಲಿ ಬಂದಷ್ಟು ಅಂಕ ಇನ್ಯಾವುದರಲ್ಲೂ ಬಂದಿರಲಿಲ್ಲ. ಕೈ ಕೊಟ್ಟಿದ್ದೂ ಆ ಕನ್ನಡವೇ.

ಮೊದಲು ಮಲ್ಲೇಶ್ವರದ ಸೀರೆ ಅಂಗಡಿಯೊಂದರ ಬಾಗಿಲಲ್ಲಿದ್ದೆ. ಹೊರಡುವವರಿಗೆಲ್ಲ ಕೈ ಮುಗಿದು ‘ಮತ್ತೆ ಬನ್ನಿ’ ಎನ್ನಬೇಕು. ಹೆಂಗಸರು ನಗುತ್ತಿದ್ದರು, ಹಿಂದೆ ಚೀಲ ಹೊತ್ತು ಬರುವ ಗಂಡಂದಿರು ಮಾತ್ರ ದುರುಗುಟ್ಟಿ ನೋಡುತ್ತಿದ್ದರು. ಆಮೇಲೆ ಏಜೆನ್ಸಿಯವರು ನನ್ನನ್ನು ಚಾಮರಾಜಪೇಟೆಯ ದೊಡ್ಡ ಔಷಧಿ ಅಂಗಡಿಗೆ ಹಾಕಿದರು. ಅಲ್ಲಿಯ ಮ್ಯಾನೇಜರೂ ಅದನ್ನೇ ಹೇಳಬೇಕೆಂದರು. ಮೇಲಿನವರ ಆರ್ಡರಂತೆ, ಹೇಳದಿದ್ದರೆ ಡ್ಯೂಟಿ ಇಲ್ಲವಂತೆ. ಡ್ಯೂಟಿ ಇಲ್ಲದಿದ್ದರೆ ಮಗಳ ಕಾಲೇಜೂ ಇಲ್ಲ. ಹೇಳಿದೆ.

ಬಿಪಿ, ಶುಗರ್ ಮಾತ್ರೆಗಳ ಚೀಲ ಹಿಡಿದಿದ್ದ ರಿಟೈರ್ಡ್ ಮೇಷ್ಟ್ರೊಬ್ಬರು ಮೆಟ್ಟಿಲ ಮೇಲೆ ಗಕ್ಕನೆ ನಿಂತರು.

“ಏನಪ್ಪಾ, ಇಷ್ಟು ಕಾಯಿಲೆ ಸಾಲ್ದು ಅಂತೀಯಾ?”

ಜ್ವರದ ಮಗುವನ್ನು ಎತ್ತಿಕೊಂಡಿದ್ದ ಅಜ್ಜಿಯೊಬ್ಬರಂತೂ ವಾಪಸ್ ಒಳಗೆ ಹೋಗಿ, ಬಾಗಿಲಲ್ಲಿ ಅಪಶಕುನ ನಿಲ್ಲಿಸಿದ್ದೀರಲ್ಲ ಎಂದು ಮ್ಯಾನೇಜರಿಗೆ ಜಾಡಿಸಿದರು. ಸರಿ, ‘ಮತ್ತೆ ಬನ್ನಿ’ ಬೇಡವೆಂದು ನನ್ನ ಸ್ವಂತ ಬುದ್ಧಿ ಓಡಿಸಿ, ಮೇಷ್ಟ್ರು ಇನ್ನೊಮ್ಮೆ ಬಂದಾಗ “ಹೋಗಿ ಸಾರ್” ಎಂದೆ. ಅದು ಇನ್ನೂ ಕೆಟ್ಟಿತು. ಪಕ್ಕದ ಮನೆಗೆ ಕರಿಬೇವು ಕೇಳಲು ಹೊರಟ ನನ್ನ ಹೆಂಡತಿಯೂ ‘ಬರ್ತೀನಿ’ ಎಂದೇ ಹೊರಡುತ್ತಾಳೆ. ಕಾಯಿಲೆಯವರಿಗೆ ಯಾರಾದರೂ ‘ಹೋಗಿ’ ಎನ್ನುತ್ತಾರೆಯೇ? ಮೇಷ್ಟ್ರು ತಣ್ಣಗೆ ಕೇಳಿದರು, “ಎಲ್ಲಿಗಪ್ಪಾ?”

ಆ ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಹೊಸ ಮಾತು ಹೊಳೆಯಿತು: “ಮತ್ತೆ ಇಲ್ಲಿಗೆ ಬರೋ ಹಾಗೆ ಆಗ್ದೇ ಇರ್ಲಿ.” ಜನ ಕರಗಿಹೋದರು. ಜಾಡಿಸಿದ ಅಜ್ಜಿಯೇ ಬಾಳೆಹಣ್ಣು ಕೊಟ್ಟು, ಚೆನ್ನಾಗಿರು ಎಂದರು. ಇಷ್ಟು ಸುಖ ನನಗೆ ದಕ್ಕಬೇಕಲ್ಲ? ಆ ವಾರವೇ ಮೇಲಿನವರೊಬ್ಬರು ಅಂಗಡಿ ನೋಡಲು ಬಂದು, ನನ್ನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಗಿರಾಕಿಗಳಿಗೆ ಬರಬೇಡಿ ಅನ್ನೋಕೆ ಸಂಬಳ ಕೊಟ್ಟು ಆಳಿಟ್ಟಿದ್ದೀರೇನ್ರೀ ಎಂದು ಮ್ಯಾನೇಜರನ್ನು ತರಾಟೆಗೆ ತೆಗೆದುಕೊಂಡು ಕಾರು ಹತ್ತಿದರು. ಮ್ಯಾನೇಜರ್ ನನ್ನನ್ನು ಒಳಗೆ ಕರೆದರು.

“ನಾಳೆಯಿಂದ ನೀವು ಬರ್ಬೇಡಿ.”

ಟೋಪಿ ತೆಗೆದು ಮೇಜಿನ ಮೇಲಿಟ್ಟು ಕೈ ಮುಗಿದೆ.

“ಆಯ್ತು. ಬರ್ತೀನಿ ಸಾರ್.”

“ಬರ್ಬೇಡಿ ಅಂದ್ನಲ್ಲ.”

“ಹೂಂ ಸಾರ್, ಬರಲ್ಲ.” ಬಾಗಿಲವರೆಗೂ ಹೋಗಿ ತಿರುಗಿದೆ. “ಬರ್ತೀನಿ.”

ಅವರು ತಲೆ ಮೇಲೆ ಕೈ ಹೊತ್ತು ಕೂತರು. ‘ಹೋಗ್ತೀನಿ’ ಅನ್ನಿ ಎಂದು ಹೇಳಲು ಅವರಿಗೂ ಬಾಯಿ ಬರಲಿಲ್ಲ. ಆಮೇಲೆ ಟೋಪಿಯನ್ನು ನನ್ನ ಕಡೆ ತಳ್ಳಿ, “ಬಾಯಿ ಮುಚ್ಕೊಂಡು ಬಾಗ್ಲು ತೆಗೀತೀರಾ?” ಎಂದರು. ಎಲ್ಲಿ ಮಾತು ಜಾರುತ್ತದೋ ಎಂದು ತಲೆಯನ್ನಷ್ಟೇ ಆಡಿಸಿದೆ.

ಈಗ ಗೊಂಬೆಯ ಹಾಗೆ ಬಾಗಿಲು ತೆಗೆಯುತ್ತೇನೆ, ಹಾಕುತ್ತೇನೆ. ನಿನ್ನೆ ಮೇಷ್ಟ್ರು ನನ್ನ ಮುಖವನ್ನೇ ನೋಡಿ, ಪಾಪ, ಗಂಟಲು ಕಟ್ಟಿದೆ ಎಂದುಕೊಂಡು ಮತ್ತೆ ಒಳಗೆ ಹೋದರು. ಕೆಮ್ಮಿನ ಮಾತ್ರೆಯ ಪಟ್ಟಿಯೊಂದನ್ನು ಕೊಂಡು ತಂದು ನನ್ನ ಜೇಬಿಗೆ ತುರುಕಿದರು. ನಾನು ಬಂದಮೇಲೆ ಅಂಗಡಿಗೆ ನನ್ನಿಂದಾದ ವ್ಯಾಪಾರ ಅದೊಂದೇ.