ಅಡಿಗೆಮನೇಲಿ ಸೊಂಟಮಟ್ಟ

ಮನೆ ರಿಪೇರಿಗೆ ಕೈ ಹಾಕಿದವರಿಗೆ ಇಂಥವೆಲ್ಲ ಆಗ್ತಾನೇ ಇರ್ತವೆ ಅಂತ ಜನ ಸಮಾಧಾನ ಹೇಳ್ತಾರೆ. ನನಗಾದಂಥವು ಶತ್ರುವಿಗೂ ಬೇಡಪ್ಪ. ನಾನು ಶಿಡ್ಲಘಟ್ಟದಲ್ಲಿ ಮನೆ, ಸೈಟುಗಳ ಕ್ರಯಪತ್ರ ಬರೆಯೋ ಪತ್ರ ಬರಹಗಾರ. "ಜಾಗ ನೋಡಿ ತಗೊಳ್ಳಿ" ಅಂತ ಬಂದವರಿಗೆಲ್ಲ ಬುದ್ಧಿ ಹೇಳಿ, ನಾನು ಮಾತ್ರ ಅಗ್ಗಕ್ಕೆ ಸಿಕ್ಕಿತು ಅಂತ ಊರಾಚೆ ಒಂದು ಮನೆ ಕೊಂಡೆ. ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು. ಮೊದಲ ದೊಡ್ಡ ಮಳೆಗೇ ಹಾಲ್‌ನಲ್ಲಿ ಮೊಣಕಾಲುದ್ದ ನೀರು! ಮುಂದಿನ ಮಳೆಯೊಳಗೆ ಬ್ಯಾಂಕ್ ಸಾಲ ಎತ್ತಿ ಮೇಲೊಂದು ಮಹಡಿ ಕಟ್ಟದಿದ್ದರೆ ಹೆಂಡತಿ ಮಕ್ಕಳನ್ನ ಎಲ್ಲಿ ಮಲಗಿಸಲಿ?

೧. ಗೆರೆ

ನೀರು ನಿಂತಿದ್ದ ಮಟ್ಟಕ್ಕೆ ಗೋಡೆ ಸುತ್ತ ಒಂದು ಕಂದು ಗೆರೆ ಉಳಿದಿತ್ತು. ಪೇಂಟರ್ ಒಂದು ಕೋಟು ಹೊಡೆದ, ಬೆಳಿಗ್ಗೆ ಗೆರೆ ವಾಪಸ್. ಕೆರೆದು, ಪುಟ್ಟಿ ಹಾಕಿ, ಮತ್ತೆರಡು ಕೋಟು ಹೊಡೆದ. ಸ್ಕೇಲ್ ಇಟ್ಟು ಎಳೆದ ಹಾಗೆ ಅದೇ ಜಾಗದಲ್ಲಿ ಮತ್ತೆ ಬಂತು. ಕೈ ಇಟ್ಟರೆ ಬಿರುಬೇಸಿಗೆಯಲ್ಲೂ ತಣ್ಣಗೆ. ಪೇಂಟರ್ ಬ್ರಷ್ ತೊಳೆದುಕೊಂಡು ಹೇಳಿದ: "ಸಾರ್, ಹಟ ಬೇಡ. ಗೆರೆ ಕೆಳಗೆ ನೀಲಿ ಹೊಡೆದುಬಿಡ್ತೀನಿ. ಅದು ನೀರಿನ ಪಾಲು. ಮೇಲಿಂದು ನಿಮ್ಮ ಪಾಲು."

೨. ನೀರುಗಂಟಿ

ಒಂದು ಸಂಜೆ ಮುದುಕರೊಬ್ಬರು ಗೇಟು ತೆಗೆದು ಬಂದರು. ಹಿಂದೆ ಕೆರೆಯಿಂದ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಯಂತೆ. "ರಿಪೇರಿ ಅಂತ ಕೇಳ್ದೆ, ನೋಡಿ ಹೋಗಣ ಅಂತ ಬಂದೆ" ಅಂದರು. ಹೊಸ್ತಿಲಲ್ಲಿ ಪಂಚೆಯನ್ನ ಮೊಣಕಾಲಿಗೆ ಎತ್ತಿದರು. ಹಾಲ್‌ನಲ್ಲಿ ತೊಡೆಗೆ. ಅಡಿಗೆಮನೆ ಬಾಗಿಲಲ್ಲಿ ಸೊಂಟಕ್ಕೇ ಕಟ್ಟಿಕೊಂಡು, ನೀರಲ್ಲಿ ನಡೆಯೋರ ಹಾಗೆ ಒಂದೊಂದೇ ಹೆಜ್ಜೆ ಇಟ್ಟರು. ನೆಲ ಒಣಗಿತ್ತು, ಮಾರಾಯ್ರೇ!

"ತಾತ, ಏನು ಮಾಡ್ತಿದ್ದೀರಿ?" ನನ್ನ ಹೆಂಡತಿ ಸೌಟು ಹಿಡಿದೇ ಕೇಳಿದಳು.

"ಇಲ್ಲಿ ಸೊಂಟಮಟ್ಟ ಇರೋದಮ್ಮ. ಒಲೆ ಹತ್ರ ಸುಳಿ. ಜಾಗ್ರತೆ" ಅಂದು ಹೊರಟೇ ಹೋದರು.

ಬಾಯಿಮಾತಿಗೆ ಏನು ಬೆಲೆ, ನನಗೆ ಪತ್ರ ಮುಖ್ಯ ಅಂತ ಧೈರ್ಯ ಹೇಳಿದೆ. ಆದರೂ ಅವತ್ತಿಂದ ಅವಳು ಸೀರೆ ಎತ್ತಿಕೊಂಡೇ ಅಡಿಗೆಮನೆಗೆ ಹೋಗ್ತಾಳೆ. ನಾನು ನಗ್ತೀನಿ. ನಕ್ಕೊಂಡು ನೋಡಿದರೆ ನನ್ನ ಲುಂಗಿಯೂ ಮೇಲೆ ಬಂದಿರುತ್ತೆ.

೩. ಸಾಕ್ಷಿಗಳು

ಸಾಲಕ್ಕೆ ಮನೆ ನೋಡಲು ಬ್ಯಾಂಕಿನ ಇಂಜಿನಿಯರ್ ಬಂದರು. ಸೋಫಾದಲ್ಲಿ ಕೂತು, "ಹತ್ತಿರ ಕೆರೆ, ಕಾಲುವೆ ಏನಾದ್ರೂ?" ಅಂತ ಕೇಳಿದರು.

"ಛೇ, ಒಣ ನೆಲ ಸಾರ್."

ಸೋಫಾ ಕೆಳಗೆ, ಟೈಲ್ಸ್ ಒಳಗಿಂದ, 'ವಟರ್' ಅಂತು. ಒಂದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. ಹೆಂಡತಿ ಓಡಿಹೋಗಿ ಖಾಲಿ ಮಿಕ್ಸಿ ಹಾಕಿದಳು. ಎಷ್ಟು ಹೊತ್ತು ಅಂತ ಹಾಕ್ತಾಳೆ? ಮಿಕ್ಸಿ ನಿಂತ ಕೂಡಲೇ ಇಡೀ ಹಾಲ್ ವಟಗುಟ್ಟಿತು. ಕಪ್ಪೆ ಮಾತ್ರ ಒಂದೂ ಕಾಣಲ್ಲ.

ಅವರು ಮೆಲ್ಲಗೆ ಎರಡೂ ಕಾಲು ಸೋಫಾ ಮೇಲೆ ಇಟ್ಟುಕೊಂಡು, "ಸರ್ವೆಯರ್ ಕರೆಸಿ ಹದ್ದುಬಸ್ತು ಅಳತೆ ಮಾಡಿಸಿ, ಆಮೇಲೆ ನೋಡೋಣ. ಅಂದಹಾಗೆ, ಸಾಲ ನಿಮ್ಮೊಬ್ಬರ ಹೆಸರಿಗಾ, ಇವರೆಲ್ಲ ಸೇರಿಯಾ?" ಅಂದರು.

೪. ಕಲ್ಲು

ಅಷ್ಟರಲ್ಲಿ ಮಹಡಿ ಪಿಲ್ಲರ್‌ಗೆ ಅಂತ ಗೇಟಿನ ಪಕ್ಕ ಗುಂಡಿ ತೋಡಿದಾಗ ನಿಂತ ಹಾಗೇ ಒಂದು ಕಲ್ಲು ಸಿಕ್ಕಿತು. "ದೇವರು ಎದ್ದ!" ಅಂತ ಹೆಂಡತಿ ಅರಿಶಿನ ಕುಂಕುಮ ಹಚ್ಚಿದಳು. ಬೀದಿಯವರು ತೆಂಗಿನಕಾಯಿ ತಂದರು. ಸಾಲ ಸಿಗಲಿ ಅಂತ ನಾನೂ ಹರಕೆ ಹೊತ್ತೆ.

ಸರ್ವೆಯರ್ ಬಂದವರು ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ಕುಂಕುಮ ಒರೆಸಿ, ಬಗ್ಗಿ, ಅದರ ಮೇಲಿನ ಗುರುತು ನೋಡಿದರು. "ಇದು ಕೆರೆ ಗಡಿ ಕಲ್ಲು ಸ್ವಾಮಿ. ನಿಮ್ಮ ಮನೆ ಇರೋದು ಕೆರೆ ಒಳಗೆ."

"ಕಲ್ಲು ಏನಾದ್ರೂ ಹೇಳಲಿ ಸಾರ್, ನನ್ನ ಕ್ರಯಪತ್ರ ಓದಿ" ಅಂತ ಕೊಟ್ಟೆ.

ಅವರು ಗಟ್ಟಿಯಾಗಿ ಓದಿದರು: "'ಮೂಡಲಿಗೆ, ಕೆರೆ ಗಡಿ ಕಲ್ಲು.' ಅಂದ್ರೆ ನಿಮ್ಮ ಸೈಟು ಕಲ್ಲಿನ ಪಡುವಲಿಗೆ. ಅಲ್ಲಿ ರಸ್ತೆ ಇದೆ. ಮನೆ ಮೂಡಲಿಗಿದೆ."

ಹಳೇ ಪತ್ರ ಮುಂದಿಟ್ಟುಕೊಂಡು, ಜಾಗ ನೋಡದೆ, ಅಕ್ಷರ ಬಿಡದೆ ಈ ಕ್ರಯಪತ್ರಕ್ಕೆ ಇಳಿಸಿದವನು ನಾನೇ. ಸಾಲ ಹೋಯ್ತು, ಮಹಡಿ ಹೋಯ್ತು. "ಮನೆಗಾದ್ರೂ ಏನಾದ್ರೂ ದಾರಿ ಇದೆಯಾ ಸಾರ್?" ಅಂತ ಅಂಗಲಾಚಿದೆ.

"ಕಷ್ಟ ಸ್ವಾಮಿ. ಒಂದು ಸಂದು ಬಿಟ್ಟಿಲ್ಲ, ಅಷ್ಟು ಅಚ್ಚುಕಟ್ಟಾಗಿ ಬರೆದಿದ್ದಾರೆ. ನಮ್ಮ ತಂಗಿ ಪೆರೇಸಂದ್ರದಲ್ಲಿ ಸೈಟು ತಗೋತಿದ್ದಾಳೆ, ಈ ಪತ್ರ ಬರೆದವರ ಕೈಲೇ ಬರೆಸ್ತೀನಿ. ಅವರ ನಂಬರ್ ಕೊಡಿ."

"ನಂಬರ್ ಯಾಕೆ ಸಾರ್?" ಅಂದಳು ನನ್ನ ಹೆಂಡತಿ. "ನಿಮ್ಮ ಮುಂದೇನೇ ನಿಂತಿದ್ದಾರಲ್ಲ, ಕೆರೆ ಒಳಗೆ!"