ಚಿನ್ನದ ರೇಕಿನ ಗುಳಿಗೆಯವರಿಗೆ, ನಮ್ಮವರ ವಾರೆ ಬಾಯಿಯ ವಿಚಾರವಾಗಿ

ಕೆಂಪು ರೇಷ್ಮೆಯ ಹಾಸಿನ ಮೇಲೆ, ಮೈತುಂಬ ಚಿನ್ನದ ರೇಕು ಹೊದ್ದು, ನಮ್ಮ ಗಾಜಿನ ಬೀರುವಿನಲ್ಲಿ ಬಿಜಯಂಗೈದಿರುವ ಮಾನ್ಯ ಗುಳಿಗೆಯವರೇ,

ಗುನ್ಸಾನ್ ಬಂದರಿನ ಒಣಮೀನಂಗಡಿಯ ಮಾಲ್‌ಸುನ್ ಮಾಡುವ ನಮಸ್ಕಾರಗಳು. ತಮ್ಮ ರೇಕು ಮಾಸಿಲ್ಲವೆಂದೂ, ತಮ್ಮೊಳಗೆ ಮದ್ದಾಗಿ ಅರೆದು ಬೆರೆಸಿದ ದನದ ಪಿತ್ತದ ಕಲ್ಲು ಕ್ಷೇಮವೆಂದೂ ನಂಬಿದ್ದೇನೆ. ನಾನು ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು, ಬರೆದದ್ದರಲ್ಲಿ ತಪ್ಪಿದ್ದರೆ ದೊಡ್ಡ ಮನಸ್ಸು ಮಾಡಬೇಕು.

ನಮ್ಮ ಮನೆತನಕ್ಕೆ ತಮ್ಮ ವಂಶದಿಂದ ಆಗಿರುವ ಉಪಕಾರವನ್ನು ನಾನು ಮರೆತವಳಲ್ಲ. ಮಗಳ ಪರೀಕ್ಷೆಯ ದಿನ ಅವಳಿಗೊಂದು, ಅವಳನ್ನು ಕಳಿಸಿ ಬಂದ ನನಗೊಂದು; ಫೋನ್ ಬಂದರೆ ಎದೆ ಹಾರಿತೆಂದು ಒಂದು, ಬರದಿದ್ದರೆ ಯಾಕೆ ಬರಲಿಲ್ಲವೆಂದು ಇನ್ನರ್ಧ, ಹೀಗೆ ತಮ್ಮ ಅಣ್ಣತಮ್ಮಂದಿರೆಲ್ಲ ನಮ್ಮ ಹೊಟ್ಟೆಯಲ್ಲೇ ಲೀನರಾದರು. ಯಾರಾದರೂ ತಟ್ಟನೆ ಕುಸಿದರೆ ಮೊದಲು ಬಾಯಿಗೆ ತಮ್ಮನ್ನಿಡಬೇಕು, ಮಿಕ್ಕದ್ದೆಲ್ಲ ಆಮೇಲೆ ಎಂಬುದು ನಮ್ಮ ಬೀದಿಯ ಕಾನೂನು. ಅದನ್ನು ಮಾಡಿದವರು ಯಾರೋ ತಿಳಿಯದು, ಆದರೆ ತಾವು ಇಷ್ಟು ವರ್ಷದಲ್ಲಿ ಒಮ್ಮೆಯೂ ಅಲ್ಲಗಳೆಯಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮವರು, ಪಾನ್‌ಸೊಕ್, ಮದುವೆಯಾದ ಮಾರನೆಯ ದಿನದಿಂದ ನನ್ನ ಕೈಯ ಸಾರಿನ ಬಗ್ಗೆ ಒಂದೇ ಮಾತು ಹೇಳುತ್ತ ಬಂದವರು: "ಸಪ್ಪೆ." ಈಚೆಗೆ ಒಂದು ದಿನ ಬೆಳಗ್ಗೆ ಬಾಗಿಲಲ್ಲಿ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿವೆಯೆಂದು ಬೈದು, ಊಟಕ್ಕೆ ಕೂತವರು, ಒಣ ಮೂಲಂಗಿ ಸೊಪ್ಪಿನ ಸಾರನ್ನು ತುಟಿಪಿಟಕ್ಕೆನ್ನದೆ ಕುಡಿದರು. ಬಾಯಿಯ ಒಂದು ಕಡೆ ನಗೆಯಂಥದ್ದು ಬೇರೆ ಇತ್ತು. ಕೊನೆಗಾಲದಲ್ಲಾದರೂ ಈ ಮನುಷ್ಯನಿಗೆ ನನ್ನ ಅಡುಗೆ ರುಚಿಸಿತಲ್ಲ ಎಂದು ಹಿಗ್ಗಿ ನಾನು ಇನ್ನೊಂದು ಬಟ್ಟಲು ಬಡಿಸಿದೆ. ಆಗ ಚಮಚ ಕೈಜಾರಿತು, ಸಾರು ಗಲ್ಲದಿಂದ ಇಳಿಯಿತು, ನಗೆ ಮಾತ್ರ ಅಲ್ಲೇ ವಾರೆಯಾಗಿ ನಿಂತಿತ್ತು.

ನನ್ನ ಕೂಗು ಕೇಳಿ ಎದುರುಮನೆಯಿಂದ ಇವರ ಅಕ್ಕ, ಒಕ್‌ಬುನ್ ಅತ್ತಿಗೆ, ಸೂಜಿ ಹಿಡಿದೇ ಓಡಿ ಬಂದರು. "ಅಜೀರ್ಣ ಕಣೇ ಇದು! ಹತ್ತು ಬೆರಳಿಗೂ ಚುಚ್ಚಿ ಕಪ್ಪು ರಕ್ತ ಬಿಟ್ರೆ ಎದ್ದು ಕೂರ್ತಾನೆ. ಗರ ಬಡಿದವಳ ಹಾಗೆ ಏನ್ ನಿಂತಿದೀಯ, ಗುಳಿಗೆ ತಾ!" ಎಂದರು. ನಾನು ತಮ್ಮನ್ನು ಕೈಗೆತ್ತಿಕೊಂಡೆ. ಎತ್ತಿಕೊಂಡ ಕೂಡಲೇ ನನ್ನ ಹಳೆಯ ರೋಗ ಕೆರಳಿತು: ತಮ್ಮನ್ನು ಬಿಸಿನೀರಲ್ಲಿ ಕರಗಿಸುವುದೋ, ತಣ್ಣೀರಲ್ಲೋ? ತಪ್ಪು ನೀರಿಗೆ ಹಾಕಿ ತಮ್ಮ ಶಕ್ತಿ ಹೋಗಿಬಿಟ್ಟರೆ? ಕೇಳಿಯೇ ಬಿಡೋಣವೆಂದು ಆಂಬುಲೆನ್ಸಿನವರ ಒಂದು-ಒಂದು-ಒಂಬತ್ತಕ್ಕೆ ಫೋನ್ ಮಾಡಿದೆ.

ಆ ಕಡೆಯ ಹುಡುಗಿ ನೀರಿನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಅಜ್ಜಿ, ಮೊದಲು ಗುಳಿಗೆ ಕೆಳಗಿಡಿ. ಬಾಯಿಗೆ ಏನೂ ಹಾಕ್ಬೇಡಿ, ನೀರೂ ಬೇಡ, ಉಸಿರಿನ ದಾರಿಗೆ ಇಳಿದುಬಿಡುತ್ತೆ. ಗಾಡಿ ಹೊರಡಿಸ್ತಾ ಇದ್ದೀನಿ. ಅಜ್ಜನಿಗೆ ಒಂದ್ಸಲ ನಗೋಕೆ ಹೇಳಿ."

"ಅವ್ರು ಮದುವೆ ಫೋಟೋದಲ್ಲೇ ನಕ್ಕಿಲ್ಲ ಕಣಮ್ಮ."

"ಸರಿ, ಎರಡೂ ಕೈ ಮುಂದಕ್ಕೆ ಎತ್ತಿಸಿ."

ಎತ್ತಿಸಿದೆ. ಎಡಗೈ ನಿಂತಿತು, ಬಲಗೈ ಒದ್ದೆ ಬಟ್ಟೆಯ ಹಾಗೆ ಇಳಿದುಹೋಯಿತು.

"ದಿನಾ ಹೇಳೋ ಮಾತು ಯಾವುದಾದ್ರೂ ಹೇಳಿಸಿ."

ಮಾನ್ಯರೇ, ಇಡೀ ಬಾಳಿನಲ್ಲಿ ನಾನು ಕೇಳಲಾರೆನೆಂದು ಕಿವಿ ಮುಚ್ಚಿಕೊಂಡ ಮಾತನ್ನು ಅವತ್ತು ಮಂಡಿಯೂರಿ ಬೇಡಿದೆ. "ರೀ, ಸಾರು ಸಪ್ಪೆ ಅನ್ರೀ. ಒಂದೇ ಒಂದ್ಸಲ ಸಪ್ಪೆ ಅನ್ರೀ." ಅವರು ಯತ್ನಿಸಿದರು. ಬಂದದ್ದು ಮಾತಲ್ಲ, ಗಾಳಿ.

"ಕೊನೇ ಸಲ ಸರಿಯಾಗಿದ್ದಿದ್ದು ಯಾವಾಗ ಅಜ್ಜಿ?"

"ಚಪ್ಪಲಿ ವಿಷಯಕ್ಕೆ ಬೈದಾಗ. ಟಿವಿಯಲ್ಲಿ ಬೆಳಗಿನ ಧಾರಾವಾಹಿ ಆಗಷ್ಟೇ ಶುರುವಾಗಿತ್ತು."

ಅಷ್ಟರಲ್ಲಿ ಅತ್ತಿಗೆ ಇವರ ಹೆಬ್ಬೆರಳಿಗೆ ಚುಚ್ಚಿಯಾಗಿತ್ತು. ಕಾಕತಾಳೀಯವೋ ಏನೋ, ಬಾಯಿ ಒಂದಿಷ್ಟು ನೆಟ್ಟಗಾದ ಹಾಗೆ ಕಂಡಿತು. "ನೋಡ್ದೇನೇ! ಗಾಡಿ ಬೇಡ ಅನ್ನು. ಅಜೀರ್ಣಕ್ಕೆಲ್ಲ ಗಂಟೆ ಬಾರಿಸ್ಕೊಂಡು ಗಾಡಿ ಬಂದ್ರೆ ಬೀದೀಲಿ ಮಾನ ಉಳಿಯುತ್ತಾ?" ಎಂದು ಗೆದ್ದವರ ಹಾಗೆ ನಿಂತರು. ಹುಡುಗಿ ಮಾತ್ರ, "ಸರಿಹೋದ ಹಾಗೆ ಕಂಡ್ರೂ ಬಿಡಬೇಡಿ ಅಜ್ಜಿ, ಮತ್ತೆ ಬರುತ್ತೆ," ಎಂದಳು. ಸೊಸೆಯಾಗಿ ಬಂದಾಗಿನಿಂದ ಅತ್ತಿಗೆಗೆ ಎದುರಾಡದ ನಾನು, "ಸೂಜಿ ಕೊಡಿ ಈ ಕಡೆ, ಇಲ್ದಿದ್ರೆ ನಿಮಗೇ ಚುಚ್ತೀನಿ," ಎಂದೆ. ಅವರು ಕೊಟ್ಟುಬಿಟ್ಟರು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೂ ಹೊತ್ತನ್ನೇ. ಮೆದುಳಿನ ನಾಳದಲ್ಲಿ ಕಟ್ಟಿದ ರಕ್ತವನ್ನು ಕರಗಿಸುವ ಮದ್ದು ಹೊತ್ತು ಮೀರಿದರೆ ಕೊಡಲು ಬರುವುದಿಲ್ಲವಂತೆ; ಮೀರಿರಲಿಲ್ಲ, ಇವರಿಗೆ ಕೊಟ್ಟರು. ಗಂಡನ ಕೊನೆಯ ಬೈಗುಳವನ್ನು ನೆನಪಿಟ್ಟುಕೊಂಡ ಹೆಂಡತಿಗೆ ಇಷ್ಟು ಬೆಲೆ ಬಂದದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ಮುಂದೆ ನಾನು ಬೀರುವಿನ ಕಡೆ ಓಡಿ ಬಂದಾಗ ದಯಮಾಡಿ ಒಳಗಿನಿಂದ ಚಿಲಕ ಹಾಕಿಕೊಳ್ಳುವುದು, ಅದಾಗದಿದ್ದರೆ ಗಂಟಲು ಬೆಳೆಸಿಕೊಂಡು "ಮೊದಲು ಫೋನ್ ಮಾಡೇ, ಮುದುಕಿ!" ಎಂದು ಗದರುವುದು. ಬಾಯಿಯೇ ಇಲ್ಲದ ತಮಗೆ ಕಷ್ಟವಾದೀತು, ಬಲ್ಲೆ. ನಮ್ಮವರಿಗೂ ಬಹಳ ಕಷ್ಟವಾಯಿತು. ಎಷ್ಟೋ ದಿನ ಮಾತಿಲ್ಲದೆ ಮಲಗಿದ್ದವರಿಗೆ, ನುಂಗಬಲ್ಲರೇ ಎಂದು ಪರೀಕ್ಷಿಸಿದ ಮೇಲೆ, ನಿನ್ನೆ ನರ್ಸಮ್ಮ ಅಕ್ಕಿ ಗಂಜಿ ತಿನ್ನಿಸಿದಳು. ಅವರು ಬಹಳ ಹೊತ್ತು ಬಾಯಾಡಿಸಿ, ನನ್ನನ್ನೇ ದಿಟ್ಟಿಸಿ, "ಸ... ಪ್ಪೆ," ಎಂದರು. ನಾನು ಅತ್ತ ರಭಸಕ್ಕೆ ಪಕ್ಕದ ವಾರ್ಡಿನವರು ಎದ್ದು ಬಂದರು. ಇನ್ನು ಮೇಲೆ ಇವರಿಗೆ ಉಪ್ಪು ಕಡಿಮೆ ಮಾಡಬೇಕೆಂದು ಡಾಕ್ಟರು ಹೇಳಿದ್ದಾರೆ. ಮಾಡುತ್ತೇನೆ. ದಿನಾ ಹೇಳಲಿ.

ತಮ್ಮ ವಿಶ್ವಾಸಿ, ಆದರೆ ಮೊದಲಿನಷ್ಟಲ್ಲ,
ಮಾಲ್‌ಸುನ್

ಮರೆತ ಮಾತು: ಅವತ್ತು ಹಿಡಿದ ಬಿಗಿಗೆ ತಮ್ಮ ಮೈಮೇಲೆ ನನ್ನ ಹೆಬ್ಬೆರಳು ಅಚ್ಚೊತ್ತಿದೆ, ಕ್ಷಮೆಯಿರಲಿ. ಬೇಸರ ಕಳೆಯಲೆಂದು ಅತ್ತಿಗೆಯ ಸೂಜಿಯನ್ನೂ ತಮ್ಮ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಇಬ್ಬರೂ ಕೂತು ನಿಮ್ಮ ನಿಮ್ಮ ಪವಾಡಗಳನ್ನು ಹೇಳಿಕೊಳ್ಳಿ. ಪೆಟ್ಟಿಗೆಯ ಮುಚ್ಚಳದ ಮೇಲೆ ಈಗ ಫೋನ್ ಇದೆ. ತಮ್ಮ ದರ್ಶನಕ್ಕೆ ಬರುವ ಕೈ ಮೊದಲು ಅದನ್ನೇ ಎತ್ತಬೇಕಾಗುತ್ತದೆ.